ನಮ್ಮ ಮನೆಯಲ್ಲಿ ಬಿದ್ದ ಕನಸುಗಳು

ಬೆಳಿಗ್ಗೆ ಎದುರಿಗೆ ಸಿಕ್ಕವರನ್ನೆಲ್ಲ "ರಾತ್ರಿ ಏನು ಕನಸು ಬಿತ್ತು?" ಎಂದು ಕೇಳುವ ಚಾಳಿಯೊಂದು ನನಗೆ ಅಂಟಿಕೊಂಡಿದೆ. ಕಾಫಿ ಆಯಿತಾ, ನಿದ್ದೆ ಬಂತಾ ಎಂದು ಕೇಳುವುದು ಲೋಕರೂಢಿ. ನನ್ನದು ಹಾಗಲ್ಲ, ನೇರ ಒಳಮನೆಗೇ ನುಗ್ಗುವ ಪ್ರಶ್ನೆ. ಹಾಲಿನವನು ಒಂದು ದಿನ ಪಾಪ, ನಾಚಿಕೊಂಡು ಏನೋ ಹೇಳಲು ಹೊರಟು ಅರ್ಧಕ್ಕೇ ನಿಲ್ಲಿಸಿದ. ಆಮೇಲಿಂದ ಪ್ಯಾಕೆಟ್ಟನ್ನು ಗೇಟಿನ ಮೇಲಿಟ್ಟು ಬೆಲ್ ಒತ್ತಿ ಪರಾರಿಯಾಗುತ್ತಾನೆ. ನಮ್ಮ ಯಜಮಾನರು ದಯಾನಂದರಿಗೆ ಮಾತ್ರ ಓಡಿಹೋಗಲು ಜಾಗವಿಲ್ಲ. "ನಂಗೆ ರಾತ್ರಿ ಬರೋದು ಕನಸಲ್ಲ ಕಣೇ ಸುಶೀಲಾ, ಗ್ಯಾಸು" ಎಂದು ಎದೆ ನೀವಿಕೊಂಡು ಪೇಪರಿನ ಹಿಂದೆ ಅಡಗುತ್ತಾರೆ.

ಈ ಚಾಳಿ ಹುಟ್ಟಿನಿಂದ ಬಂದದ್ದಲ್ಲ. ಹೆಡಿಯಾಲದ ಆಚೆ, ಕಾಡಿನ ಅಂಚಿನಲ್ಲಿರುವ ಒಂದು ಜೇನುಕುರುಬರ ಹಾಡಿಯಲ್ಲಿ ಹತ್ತಿದ್ದು. ಆ ಹಾಡಿಯ ಪಕ್ಕದ ಶಾಲೆಯಲ್ಲಿ ನಾನು ಬಹಳ ವರ್ಷ ಪಾಠ ಮಾಡಿದೆ. ಮಕ್ಕಳಿಗೆ ನಾನು 'ಮಿಸ್ಸು', ದೊಡ್ಡವರಿಗೆ 'ಮಿಸ್ಸವ್ವ'. ಅಲ್ಲಿ ಬೆಳಗಾದರೆ ಗುಡಿಸಲುಗಳ ನಡುವೆ ಒಂದು ಬೆಂಕಿ ಹೊತ್ತಿಕೊಳ್ಳುತ್ತದೆ. ಎದ್ದವರು ಒಬ್ಬೊಬ್ಬರಾಗಿ ಕಂಬಳಿ ಹೊದ್ದುಕೊಂಡೇ ಬಂದು ಸುತ್ತ ಕೂರುತ್ತಾರೆ. ಮೊದಲ ಮಾತು ಕನಸಿನದೇ. ಆನೆ ಕಂಡರೆ ಒಂದು ಅರ್ಥ, ಹೊಳೆ ಕಂಡರೆ ಇನ್ನೊಂದು, ಸತ್ತುಹೋದ ಮಾವ ಬಂದು ಹೊಗೆಸೊಪ್ಪು ಕೇಳಿದರೆ ಆ ದಿನ ಯಾರೂ ಕಾಡಿನ ಕಡೆ ಕಾಲು ಹಾಕುವಂತಿಲ್ಲ. ಹೀಗೆ ಹೊಗೆ, ಆಕಳಿಕೆ, ಕನಸು ಮೂರೂ ಕಲೆಸಿಹೋಗಿರುವ ಆ ಹೊತ್ತಿನಲ್ಲಿ ಯಾರು ಎದ್ದಿದ್ದಾರೆ, ಯಾರು ಇನ್ನೂ ನಿದ್ದೆಯಲ್ಲೇ ಮಾತಾಡುತ್ತಿದ್ದಾರೆ ಎಂದು ಹೇಳುವುದು ಕಷ್ಟ. ಶಾಲೆಗೆ ತಡವಾಗಿ ಬಂದ ಹುಡುಗರು "ಕನ್ಸು ಉದ್ದ ಇತ್ತು ಮಿಸ್ಸು, ಏಳಿ ಮುಗ್ಸೋ ಒತ್ಗೆ ಬೆಲ್ಲಾಗೋಯ್ತು" ಅನ್ನುತ್ತಿದ್ದರು. ಸರ್ಕಾರದ ಯಾವ ಸುತ್ತೋಲೆಯಲ್ಲೂ ಇದಕ್ಕೆ ಉತ್ತರವಿರಲಿಲ್ಲ, ನಾನೂ ಒಳಗೆ ಬಿಟ್ಟುಕೊಳ್ಳುತ್ತಿದ್ದೆ.

ಕನಸಿನ ವಿಷಯದಲ್ಲಿ ನಮ್ಮ ಮನೆತನ ಬಡತನದ್ದೇ. ನಾನು ಹುಟ್ಟಿ ಬೆಳೆದದ್ದು ತಿ. ನರಸೀಪುರದಲ್ಲಿ. ಅಪ್ಪ ವಾರವೆಲ್ಲ ಸ್ಕೂಲ್ ಮೇಷ್ಟ್ರು, ಭಾನುವಾರ ನಮ್ಮ ಪುಟ್ಟ ಕ್ರೈಸ್ತ ಸಭೆಗೆ ಉಪದೇಶಿ. ಇದ್ದ ಮೂರು ಕೋಣೆಯಲ್ಲಿ ಒಂದಕ್ಕೆ 'ದೊರೆಗಳ ರೂಮು' ಎಂದು ಹೆಸರು. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಯಾರಾದರೂ ಬಿಳಿಯ ದೊರೆಯೋ ದೊರೆಸಾನಿಯೋ ಬಂದು ಎರಡು ರಾತ್ರಿ ಮಲಗುತ್ತಿದ್ದರು. ಅವರಿಗಾಗಿ ಉಳಿದ ದಿನವೆಲ್ಲ ಆ ರೂಮು ಖಾಲಿ ಇರಬೇಕು, ನಾವು ಮಕ್ಕಳು ನಡುಮನೆಯಲ್ಲಿ ಒಬ್ಬರ ಕಾಲು ಇನ್ನೊಬ್ಬರ ಹೊಟ್ಟೆಯ ಮೇಲೆ ಹಾಕಿಕೊಂಡು ಮಲಗಬೇಕು. ಅಲ್ಲಿ ಒಂದು ಮಂಚ, ಮಂಚಕ್ಕೆ ಬಿಳಿಯ ಸೊಳ್ಳೆಪರದೆ, ನುಸಿಗುಳಿಗೆಯ ವಾಸನೆ. ಪೆಟ್ಟಿಗೆಯೊಳಗೆ ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿಟ್ಟ ಮುಳ್ಳುಚಮಚಗಳು. ದೊರೆಸಾನಿ ಬಂದರೆ ಅಮ್ಮ ಮೊಟ್ಟೆ, ಹಾಲು, ಸಕ್ಕರೆ ಸೇರಿಸಿ ಒಂದು ಕಸ್ಟರ್ಡ್ ಮಾಡುತ್ತಿದ್ದಳು. ಅದು ಯಾವತ್ತೂ ಗಟ್ಟಿಯಾಗುತ್ತಿರಲಿಲ್ಲ, ದೊರೆಸಾನಿಯರು ಯಾವತ್ತೂ ಅದನ್ನು ಹೊಗಳದೆ ಬಿಡುತ್ತಿರಲಿಲ್ಲ.

ಒಂದು ಬೇಸಗೆಯ ಮಧ್ಯಾಹ್ನ ನಾನು ಕಳ್ಳಬೆಕ್ಕಿನ ಹಾಗೆ ಆ ರೂಮಿಗೆ ನುಗ್ಗಿ ಪರದೆಯೊಳಗೆ ಮಲಗಿಬಿಟ್ಟೆ. ಆಗ ಬಿದ್ದ ಕನಸು ಈಗಲೂ ನೆನಪಿದೆ. ಮಂಚ ಹೊಳೆಗಿಳಿದಿತ್ತು. ಪರದೆ ಗಾಳಿಗೆ ಉಬ್ಬಿ ಹಾಯಿಯಾಗಿತ್ತು. ಕಾವೇರಿಯೂ ಕಪಿಲೆಯೂ ಕೂಡುವ ಕಡೆ ನೀರು ಎರಡು ಬಣ್ಣವಾಗಿ, ನಾನು ಎರಡರ ನಡುವಿನ ಗೆರೆಯ ಮೇಲೇ ತೇಲುತ್ತ ಹೋಗುತ್ತಿದ್ದೆ. ಎಲ್ಲಿಗೆ ಎಂಬ ಯೋಚನೆಯೇ ಇರಲಿಲ್ಲ. ಅಮ್ಮ ಕಿವಿ ಹಿಂಡಿ ಎಬ್ಬಿಸಿದಳು. ಯಾಕೆ ಮಲಗಿದೆ ಎಂದು ಕೇಳಿದಳೇ ಹೊರತು ಏನು ಕಂಡೆ ಎಂದು ಕೇಳಲಿಲ್ಲ. ನಮ್ಮ ಮನೆಯಲ್ಲಿ ಹೋಂವರ್ಕ್ ಕೇಳುವವರಿದ್ದರು, ಹಲ್ಲುಜ್ಜಿದೆಯಾ ಎಂದು ಕೇಳುವವರಿದ್ದರು, ಕನಸು ಕೇಳುವವರು ಯಾರೂ ಇರಲಿಲ್ಲ.

ಇರಲಿ, ಹೊಳೆಗೆ ಇಳಿದರೆ ನಾನು ದಡಕ್ಕೆ ಬರುವುದು ತಡ. ಹೇಳಲು ಹೊರಟದ್ದು ಬೊಮ್ಮಜ್ಜಿಯ ವಿಷಯ. ಆ ಹಾಡಿಯ ಬೆಂಕಿಗೆ ಬೊಮ್ಮಜ್ಜಿಯೇ ಒಡತಿ. ಕನಸಿಗೆ ತೀರ್ಪು ಹೇಳುವವಳೂ ಅವಳೇ. ಅವಳ ಮೊಮ್ಮಗಳು ಚೆಲುವಿ ನನ್ನ ಮುಂದೆ ಕೂತು ಅ ಆ ಇ ಈ ತಿದ್ದಿದ ಹುಡುಗಿ. ಅಪ್ಪ ಅಮ್ಮ ಕೊಡಗಿನ ಕಾಫಿ ತೋಟದಲ್ಲಿ ಕೂಲಿಗಿದ್ದಾರೆ, ಅಜ್ಜಿಯೇ ಸಾಕಿದ್ದು. ನಾನು ರಿಟೈರಾಗಿ ನಂಜನಗೂಡಿನ ಮನೆ ಸೇರಿದ ಮೇಲೆ ಅವಳು ಎಸ್ಸೆಸ್ಸೆಲ್ಸಿ ಪಾಸು ಮಾಡಿದಳು. ಆ ಹಾಡಿಯಲ್ಲಿ ಹೆಣ್ಣುಮಗಳೊಬ್ಬಳು ಅಷ್ಟು ದೂರ ಬಂದದ್ದು ಅದೇ ಮೊದಲು. ಪಿಯುಸಿಗೆ ನಂಜನಗೂಡಿಗೇ ಬರಬೇಕು. ನಮ್ಮ ಮಗಳು ಮದುವೆಯಾಗಿ ಚಾಮರಾಜನಗರಕ್ಕೆ ಹೋದ ಮೇಲೆ ಅವಳ ರೂಮು ಖಾಲಿಯೇ ಇತ್ತು. "ನಮ್ಮನೇಲಿದ್ದು ಓದ್ಲಿ ಅಜ್ಜಿ, ನನ್ನ ಮಗಳ ಹಾಗೆ ನೋಡ್ಕೊತೀನಿ" ಎಂದು ಕೇಳಿದೆ. ಚೆಲುವಿಯ ಕಣ್ಣು ಅಜ್ಜಿಯ ಬಾಯಿಯ ಮೇಲೇ ನೆಟ್ಟಿತ್ತು.

ಬೊಮ್ಮಜ್ಜಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ಆ ಮನೇಲಿ ಎಂತಾ ಕನ್ಸು ಬೀಳ್ತದೆ ಮಿಸ್ಸವ್ವ?" ಎಂದಳು.

"ಒಳ್ಳೇವೇ ಬೀಳ್ತವೆ ಅಜ್ಜಿ."

"ನಿನ್ನ ಕೇಳ್ನಿಲ್ಲ. ಮನೆಯವ್ರ ಕನ್ಸು ಮನೆಯವ್ರ ಕಡೀಕೇ ಬೀಳ್ತದೆ. ಬ್ಯಾರೆಯವ್ರು ಮಲಗಿ ಎದ್ದು ಏಳ್ಬೇಕು."

ಅವಳ ಲೆಕ್ಕದಲ್ಲಿ ಕನಸು ಮಲಗಿದವರದ್ದಲ್ಲ, ಮಲಗಿದ ಸೂರಿನದು. ಒಂದು ಮನೆ ಎಂಥದ್ದು ಎಂದು ತಿಳಿಯಬೇಕಾದರೆ ಹೊರಗಿನವರನ್ನು ಅಲ್ಲಿ ಮಲಗಿಸಿ, ಬೆಳಿಗ್ಗೆ ಎದ್ದಾಗ ಕೇಳಬೇಕು. ಹಾಗಾದರೆ ನೀನೇ ಬಂದು ಎರಡು ದಿನ ಇರು ಎಂದೆ. "ತಾರಸಿ ಕೆಳಗೆ ನಂಗೆ ನಿದ್ದೇನೇ ಬರಾಕಿಲ್ಲ, ಕನ್ಸೆಲ್ಲಿಂದ ತರ್ಲಿ?" ಎಂದು ತಳ್ಳಿಹಾಕಿದಳು. ಅವಳ ಹಟಕ್ಕೆ ಒಂದು ಕಾರಣವೂ ಇತ್ತು. ಹಿಂದೆ ತನ್ನ ಮಗಳನ್ನು, ಅಂದರೆ ಚೆಲುವಿಯ ತಾಯಿಯನ್ನು, ಹುಡುಗಿಯಾಗಿದ್ದಾಗ ದೂರದ ಯಾವುದೋ ಹಾಸ್ಟೆಲಿಗೆ ಸೇರಿಸಿದ್ದರಂತೆ. ಅವಳು ಯಾರಿಗೂ ಹೇಳದೆ, ಆನೆ ಓಡಾಡುವ ಹಾದಿಯಲ್ಲಿ ಒಬ್ಬಳೇ ನಡೆದು ವಾಪಸು ಬಂದಿದ್ದಳು. ಯಾಕೆ ಬಂದೆ ಎಂದರೆ ಬಾಯಿಬಿಡಲಿಲ್ಲ. ಊಟ ಸೇರಲಿಲ್ಲವೇನೋ ಎಂದು ಊರವರು ಅಂದುಕೊಂಡರು. ಅವತ್ತಿನಿಂದ ಬೊಮ್ಮಜ್ಜಿಗೆ ಪರರ ಸೂರು ಎಂದರೆ ಅನುಮಾನ.

ಕಾಲೇಜಿನ ಅಡ್ಮಿಷನ್ ಮುಗಿಯಲು ಹೆಚ್ಚು ದಿನ ಉಳಿದಿರಲಿಲ್ಲ. ನನಗೆ ಒಳಗೊಳಗೇ ಸಂಕಟ. ಕನಸು ಕಾಣಲಿಕ್ಕೆಂದು ನೆಂಟರನ್ನು ಕರೆಸಿಕೊಳ್ಳುವುದು ಹೇಗೆ ಹೇಳಿ.

ಆಗ ನಮ್ಮ ಯಜಮಾನರು ಸಭೆಯ ಮೀಟಿಂಗಿನಿಂದ ಬಂದು ಚಪ್ಪಲಿ ಬಿಡುತ್ತಲೇ ಸುದ್ದಿ ಹೇಳಿದರು. ಹೊರಗಿನ ಒಂದು ಸಭೆಯಿಂದ ಆರು ಜನರ ಮಿಷನ್ ತಂಡ ಬರುತ್ತಿದೆ, ಒಂದು ವಾರ ಹಾಡಿಗಳಲ್ಲಿ ಸೇವೆ ಮಾಡುತ್ತಾರೆ, ಉಳಿಯುವುದು ನಮ್ಮ ಮನೆಯಲ್ಲಿ. ಆರು ಜನ, ಆರು ದಿಂಬು! ನನಗೆ ಸಭೆಯ ಸೇವೆಗಿಂತ ಮೊದಲು ಹೊಳೆದದ್ದು ದಿಂಬಿನ ಲೆಕ್ಕವೇ ಎಂದರೆ ನೀವು ನಗಬಾರದು.

ಹೊರಗಿನವರು ಎಂದರೆ ಬಿಳಿಯರೇ ಎಂದು ನನ್ನ ತಲೆಯಲ್ಲಿ ನರಸೀಪುರದ ಕಾಲದಿಂದ ಅಚ್ಚಾಗಿಬಿಟ್ಟಿದೆ. ಎಲ್ಲಿಯವರು ಎಂದು ಕೇಳುವ ವ್ಯವಧಾನವೂ ಇಲ್ಲದೆ ಬ್ರೆಡ್ಡು, ಬೆಣ್ಣೆ, ಜಾಮು ತರಿಸಿದೆ. ಅಮ್ಮನ ಕಸ್ಟರ್ಡಿಗೂ ಕೈಹಾಕಿದೆ. ಪರಂಪರೆ ಮುರಿಯಲಿಲ್ಲ, ಅದು ಗಟ್ಟಿಯಾಗಲಿಲ್ಲ. ಸ್ಟೇಷನ್ನಿಗೆ ಹೋದ ಯಜಮಾನರು ಎರಡು ಆಟೋಗಳಲ್ಲಿ ಕರೆತಂದದ್ದು ಮಿಜೋರಾಮಿನ ಜನರನ್ನು. ಬೆಟ್ಟದ ನಾಡಿನ, ಚಿಕ್ಕ ಕಣ್ಣಿನ, ಮೆಲುದನಿಯ ಮಂದಿ. ಹೆಗಲಿಗೆ ಗಿಟಾರು. ನನ್ನ ಮೇಜಿನ ಮೇಲಿದ್ದ ಮುಳ್ಳುಚಮಚ ನೋಡಿ ಅವರೂ ಗಾಬರಿ, ಅವರನ್ನು ನೋಡಿ ನಾನೂ ಗಾಬರಿ. ಅವರ ಹಿರಿಯ ಸಂಗಾ ಎಂಬಾತ ಇಂಗ್ಲಿಷಿನಲ್ಲಿ ಬಹಳ ಸಂಕೋಚದಿಂದ ಕೇಳಿದ, "ಅನ್ನ ಇದೆಯಾ?" ಅನ್ನದ ಜೊತೆ ಅವರಿಗೆ ಬೇಕಾದದ್ದು ಬರೀ ನೀರಿನಲ್ಲಿ ಬೇಯಿಸಿದ ಸೊಪ್ಪು. ಎಣ್ಣೆ ಬೇಡ, ಒಗ್ಗರಣೆ ಬೇಡ, ಖಾರದಪುಡಿ ಬೇಡವೇ ಬೇಡ. ಹುಳಿಸಾರಿಗೆ ಹೆಸರಾದ ನನ್ನ ಕೈ ಒಂದು ವಾರ ಸುಮ್ಮನೆ ಸೊಪ್ಪು ಬೇಯಿಸಿತು. ಜಾಮಿನ ಬಾಟಲಿಯನ್ನು ಯಜಮಾನರು ತಿಂಗಳುಗಟ್ಟಲೆ ದೋಸೆಗೆ ಸವರಿಕೊಂಡು ಮುಗಿಸಬೇಕಾಯಿತು.

ಈಗಿನ ಕಾಲದಲ್ಲಿ ಇಂಥ ಅತಿಥಿಗಳು ಬಂದರೆ ಬೀದಿಯ ಕಿಟಕಿಗಳಿಗೆಲ್ಲ ಕಣ್ಣು ಮೂಡುತ್ತದೆ. ಯಜಮಾನರಿಗೆ ಆ ಅಂಜಿಕೆ ಇತ್ತು. ಯಾರಾದರೂ ಏನಾದರೂ ತಿಳಿದುಕೊಂಡಾರು ಎಂದು ತಾವೇ ಮನೆಮನೆಗೆ ಹೋಗಿ ಇಂಥವರು ಬರುತ್ತಾರೆ, ಅಂಗನವಾಡಿಗೆ ಬಣ್ಣ ಹೊಡೆಯುತ್ತಾರೆ, ಮಕ್ಕಳಿಗೆ ಹಾಡು ಹೇಳಿಕೊಡುತ್ತಾರೆ, ತಮ್ಮ ದೇವರ ನಾಲ್ಕು ಮಾತೂ ಆಡುತ್ತಾರೆ, ಬಲವಂತ ಏನಿಲ್ಲ ಎಂದು ಹೇಳಿ ಬಂದಿದ್ದರು. ಪಕ್ಕದ ಮನೆಯ ಶಿವಮಲ್ಲಪ್ಪನವರು ಮೂರು ಪಟ್ಟೆ ವಿಭೂತಿಯ ಶಿವಭಕ್ತರು, ರಸಬಾಳೆ ಬೆಳೆಯುವವರು. ಕಾಂಪೌಂಡಿನಾಚೆಯಿಂದ ಬಹಳ ಹೊತ್ತು ನೋಡಿ, "ಚೈನಾದವ್ರಾ ಮೇಡಂ?" ಎಂದರು.

"ಇಲ್ಲ ಸಾರ್, ನಮ್ಮ ದೇಶದವ್ರೇ."

"ಅಂಗಾದ್ರೆ ಬಾಳೆಹಣ್ಣು ತಿಂತಾರೆ ಬುಡಿ" ಎಂದು ಒಂದು ಚಿಪ್ಪು ರಸಬಾಳೆ ಕೊಟ್ಟು ಹೋದರು. ಅಲ್ಲಿಗೆ ಬೀದಿಯ ಕಿಟಕಿಗಳೂ ಒಂದೊಂದಾಗಿ ಮುಚ್ಚಿಕೊಂಡವು.

ರಾತ್ರಿಯಾದರೆ ನಮ್ಮ ನಡುಮನೆಯಲ್ಲೂ ಮಗಳ ರೂಮಿನಲ್ಲೂ ನೀಲಿ ಸೊಳ್ಳೆಪರದೆಗಳು ಇಳಿಬಿದ್ದವು. ಫ್ಯಾನಿನ ಗಾಳಿಗೆ ಅವು ಮೆಲ್ಲಗೆ ಉಸಿರಾಡುತ್ತಿದ್ದವು. ನಾನು ನೀರು ಕುಡಿಯಲು ಎದ್ದರೆ ಯಾವುದೋ ಕೆರೆಯ ತಳದಲ್ಲಿ ನಡೆದ ಹಾಗಾಗುತ್ತಿತ್ತು. ಒಳಗೆ ಆರು ಜನ, ದೂರದ ಬೆಟ್ಟಗಳಿಂದ ಬಂದು, ನನ್ನ ದಿಂಬುಗಳ ಮೇಲೆ ತಲೆಯಿಟ್ಟು ಎಲ್ಲೆಲ್ಲೋ ತಿರುಗುತ್ತಿದ್ದಾರೆ. ಅವರು ಎಲ್ಲಿ ಹೋಗಿ ಏನು ಕಂಡು ಬರುತ್ತಾರೋ ಅದರ ಮೇಲೆ ಚೆಲುವಿಯ ಓದು ನಿಂತಿದೆ. ನನಗೆ ಮಾತ್ರ ನಿದ್ದೆಯೇ ಬರುತ್ತಿರಲಿಲ್ಲ.

ಮೊದಲನೇ ದಿನ ಹಾಡಿಗೆ ಹೋದಾಗ ಸಂಗಾ ಒಂದು ಪುಟ್ಟ ಭಾಷಣ ತಯಾರು ಮಾಡಿಕೊಂಡು ಬಂದಿದ್ದ. ತರ್ಜುಮೆ ನನ್ನದು. ಅವನು ಬಾಯಿ ತೆರೆಯುವ ಮೊದಲೇ ಬೊಮ್ಮಜ್ಜಿ ಕೈಯೆತ್ತಿ ನಿಲ್ಲಿಸಿದಳು. "ನಿನ್ ಸಾಮಿ ವಿಸ್ಯ ಆಮ್ಯಾಕೆ ಏಳೀವಂತೆ, ಕೂತ್ಕೊಂಡು ಕೇಳ್ತೀನಿ. ಎಲ್ಲಿ ಮಲಗಿದ್ರಪ್ಪ ನೀವು?" ನಮ್ಮ ಮನೆಯಲ್ಲಿ ಎಂದೆ. ಮುದುಕಿಯ ಮುಖ ಅರಳಿತು. "ಅಂಗಾದ್ರೆ ನಾಳೀಕ್ ಬಂದು ಕನ್ಸೇಳಿ."

ವಾಪಸು ಬರುವಾಗ ಟೆಂಪೊದಲ್ಲಿ ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಚೆಲುವಿಯ ಕಾಲೇಜು, ಅಜ್ಜಿಯ ಅನುಮಾನ, ಸೂರಿನ ಲೆಕ್ಕ. ಆರೂ ಜನ ಗಂಭೀರವಾಗಿ ಕೇಳಿಸಿಕೊಂಡರು. ಪಾಪದ ಜನ, ಆ ರಾತ್ರಿ ಚೆಲುವಿಗಾಗಿ ಪ್ರಾರ್ಥನೆ ಮಾಡಿಯೇ ಮಲಗಿದರು. ಎಡವಟ್ಟಾದದ್ದು ಅಲ್ಲೇ.

ನಮ್ಮ ಸಭೆಗಳಲ್ಲಿ 'ಸಾಕ್ಷಿ ಹೇಳುವುದು' ಎಂದು ಒಂದು ಪದ್ಧತಿ ಇದೆ. ಎದ್ದು ನಿಂತು ತನ್ನ ಬದುಕಿನಲ್ಲಿ ದೇವರು ಏನು ಮಾಡಿದ ಎಂದು ಹೇಳುವುದು. ಸಾಕ್ಷಿಗೆ ಒಂದು ಅಚ್ಚಿದೆ. ಮೊದಲು ಕತ್ತಲೆ, ಆಮೇಲೆ ಕಣ್ಣೀರು, ಕೊನೆಗೆ ಬೆಳಕು. ಹುಟ್ಟಿದಾಗಿನಿಂದ ಅದನ್ನು ಕೇಳಿ, ಹೇಳಿ ಬೆಳೆದವರಿಗೆ ನಾಲ್ಕು ಜನರ ಮುಂದೆ ಬಾಯಿ ತೆರೆದರೆ ಬೇರೆ ರೀತಿ ಬರುವುದೇ ಇಲ್ಲ. ಮರುದಿನ ಬೆಂಕಿಯ ಸುತ್ತ ಕೂತು ಒಬ್ಬೊಬ್ಬರೂ ಹೇಳಿದ ಕನಸಿನಲ್ಲಿ ಮೊದಲು ಕತ್ತಲೆಯಿತ್ತು, ಆಮೇಲೆ ಹಾಡಿಯ ಮೇಲೆ ಬೆಳಕಿಳಿಯಿತು, ಚೆಲುವಿ ಬಿಳಿಯ ಬಟ್ಟೆ ತೊಟ್ಟು ಮೆಟ್ಟಿಲು ಹತ್ತುತ್ತಿದ್ದಳು. ಸುಳ್ಳು ಹೇಳುವ ಜನರಲ್ಲ ಅವರು. ಏನೋ ಚೂರುಪಾರು ಕಂಡದ್ದು ಬಾಯಿಗೆ ಬರುವಷ್ಟರಲ್ಲಿ ಸಾಕ್ಷಿಯಾಗಿಬಿಡುತ್ತಿತ್ತು. ನಾನೂ ವರ್ಷಗಟ್ಟಲೆ ಸಾಕ್ಷಿಗಳನ್ನು ತರ್ಜುಮೆ ಮಾಡಿದವಳು, ದನಿ ಏರಿಸಿ ಇಳಿಸಿ ಭರ್ಜರಿಯಾಗಿಯೇ ಹೇಳಿದೆ. ಬೊಮ್ಮಜ್ಜಿ ಎಲೆಗೆ ಸುಣ್ಣ ಸವರಿಕೊಳ್ಳುತ್ತ ದೊಡ್ಡದಾಗಿ ಆಕಳಿಸಿದಳು.

"ಇದು ಕನ್ಸಲ್ಲ ಕಣ್ ಮಿಸ್ಸವ್ವ, ಬಾಸ್ಣ. ಕನ್ಸು ಇಷ್ಟ್ ನೆಟ್ಟಗೆ ಬೀಳಾಕಿಲ್ಲ."

ಚೆಲುವಿ ಎದ್ದು ನೀರು ತರುವ ನೆಪದಲ್ಲಿ ಆಚೆ ಹೋದಳು. ನನಗೆ ಅವಳ ಬೆನ್ನು ನೋಡಲಾಗಲಿಲ್ಲ.

ಆ ದಿನದಿಂದ ನಮ್ಮ ಮನೆಯಲ್ಲಿ ಕನಸಿನ ಬೇಸಾಯ ಶುರುವಾಯಿತು. ಮಲಗುವ ಮುಂಚೆ ಎಲ್ಲರಿಗೂ ಬಿಸಿ ಹಾಲು, ರಸಬಾಳೆ. ಕಿಟಕಿ ತೆರೆದಿಟ್ಟರೆ ಒಳ್ಳೆಯದೋ ಮುಚ್ಚಿದರೆ ಒಳ್ಳೆಯದೋ ಎಂದು ನನ್ನದೇ ಚರ್ಚೆ. ಟಿವಿಯಲ್ಲಿ ಕೊಲೆಯ ಸುದ್ದಿ ಬಂದರೆ ಓಡಿಹೋಗಿ ಆರಿಸುತ್ತಿದ್ದೆ, ಅದು ತಲೆಗೆ ಹೊಕ್ಕು ಕನಸು ಕೆಟ್ಟೀತು ಎಂದು. "ಹಸುಗೆ ಹಿಂಡಿ ಬೂಸಾ ಹಾಕ್ದಂಗೆ ಕನಸಿಗೆ ಮೇವು ಹಾಕ್ತಿದೀಯಲ್ಲೇ" ಎಂದು ಯಜಮಾನರು ಗೇಲಿ ಮಾಡಿದರು. ಅವರ ಗೊರಕೆಯೊಂದು ನನಗೆ ದೊಡ್ಡ ಶತ್ರುವಾಯಿತು. ಅತಿಥಿಗಳ ಕನಸಿನೊಳಕ್ಕೆ ಅದು ಹುಲಿಯಾಗಿ ನುಗ್ಗಿದರೆ ಏನು ಗತಿ ಎಂದು ಅವರನ್ನು ಮಗ್ಗುಲಿಗೆ ಹೊರಳಿಸುವುದೇ ಕೆಲಸ.

ಬೆಳಗಿನ ಜಾವಕ್ಕೇ ಟೆಂಪೊ ಹೊರಡುತ್ತಿತ್ತು. ಕಪಿಲೆಯ ಮೇಲೆ ಮಂಜು ಹಾಸಿರುತ್ತಿತ್ತು. ಹುಲ್ಲಹಳ್ಳಿ ದಾಟಿ ಹೊಲಗಳ ನಡುವೆ ಸಾಗುವಾಗ ಯಾರೂ ಮಾತಾಡುತ್ತಿರಲಿಲ್ಲ. ಕನಸು ಮರೆತುಹೋಗದಿರಲಿ ಎಂದು, ತುಂಬಿದ ಬಿಂದಿಗೆ ಹೊತ್ತವರ ಹಾಗೆ ತಲೆಯನ್ನು ಅಲ್ಲಾಡಿಸದೆ ಕೂತಿರುತ್ತಿದ್ದರು. ಕಿಟಕಿಯಾಚೆ ಎತ್ತಿನ ಗಾಡಿಯೊಂದು, ಬೇಲಿಯ ಮೇಲೆ ಒಣಗಲು ಹಾಕಿದ ಸೀರೆಯೊಂದು ಮಂಜಿನಿಂದ ಎದ್ದುಬಂದು ಮತ್ತೆ ಮಂಜಿಗೇ ಹೋಗುತ್ತಿತ್ತು. ನಾನೂ ಎಚ್ಚರವಿದ್ದೆನೋ ಇಲ್ಲವೋ. ನನ್ನ ಬದುಕಿನಲ್ಲಿ ಅಷ್ಟು ಹೊತ್ತು ನಾನು ಸುಮ್ಮನೆ ಕೂತ ನೆನಪಿಲ್ಲ.

ಮುವಾನಾ ಎಂಬ ಹುಡುಗನಿಗೆ ಒಂದು ರಾತ್ರಿ ಭರ್ಜರಿ ಕನಸು ಬಿತ್ತು. ನಮ್ಮ ತಾರಸಿಯ ಮೇಲೆ ಫುಟ್‌ಬಾಲ್ ಪಂದ್ಯ. ಗೋಲ್‌ಕೀಪರು ನಮ್ಮ ಯಜಮಾನರು, ಅದೂ ಲುಂಗಿಯಲ್ಲಿ. ಇವನು ಒದ್ದ ಚೆಂಡು ಮೆಟ್ಟಿಲಿಳಿದು ಬಂದು ನನ್ನ ಸೊಪ್ಪಿನ ಪಾತ್ರೆಗೆ ಬಿತ್ತು. ಬೊಮ್ಮಜ್ಜಿ ಕೆಮ್ಮು ಬರುವಷ್ಟು ನಕ್ಕಳು. "ಇದು ಕನ್ಸು! ಆದ್ರೆ ಇದ್ರಲ್ಲಿ ನಮ್ ಮಗೀಗೆ ಏನೂ ಇಲ್ಲ" ಎಂದಳು. ಸಂಗಾನಿಗಂತೂ ಒಂದು ದಿನವೂ ಕನಸೇ ಬೀಳಲಿಲ್ಲ. ಹಾಗೆಂದು ಒಪ್ಪಿಕೊಂಡಾಗ ಬೊಮ್ಮಜ್ಜಿ ಮರುಕದಿಂದ 'ಚ್ಚು' ಎಂದು ಅವನ ಕೈಗೊಂದು ಸುಟ್ಟ ಗೆಣಸು ಕೊಟ್ಟಳು. ಅವನ ಸಾಮಿಯ ವಿಷಯವನ್ನೂ ಅವಳು ಹೇಳಿದಂತೆಯೇ ಕೂತು ಪೂರ್ತಿ ಕೇಳಿದಳು, ನಡುನಡುವೆ ತಲೆಯಾಡಿಸಿ "ಒಳ್ಳೇವ್ನು ಕಣಪ್ಪ ಪಾಪ" ಎಂದೂ ಅಂದಳು. ಮಕ್ಕಳು ಮಿಜೋ ಹಾಡು ಕಲಿತರು, ಅಂಗನವಾಡಿಯ ಗೋಡೆಗೆ ಹಳದಿ ಬಣ್ಣ ಏರಿತು. ಚೆಲುವಿಯ ವಿಷಯ ಮಾತ್ರ ಇದ್ದಲ್ಲೇ ಇತ್ತು. ನಾಳೆಯೊಂದು ದಿನ ಕಳೆದರೆ ತಂಡ ಹೊರಡುತ್ತದೆ, ಅಡ್ಮಿಷನ್ನೂ ಮುಗಿಯುತ್ತದೆ.

ತಂಡದಲ್ಲಿ ರಿನಿ ಎಂಬ ಹುಡುಗಿ ಎಲ್ಲರಿಗಿಂತ ಚಿಕ್ಕವಳು. ಊರು ಬಿಟ್ಟು ಬಂದದ್ದು ಇದೇ ಮೊದಲಂತೆ. ಹಾಡುವಾಗ ಹಾಡುತ್ತಿದ್ದಳು, ಉಳಿದಂತೆ ಮೌನ. ಮೊದಲ ದಿನ ಎಲ್ಲರ ಜೊತೆ ಬೆಳಕು ಕಂಡೆ ಎಂದವಳು ಆಮೇಲೆ ಕನಸಿನ ಸರದಿ ಬಂದಾಗಲೆಲ್ಲ ತಲೆಯಲ್ಲಾಡಿಸಿ ಬಿಡುತ್ತಿದ್ದಳು. ಕೊನೆಯ ದಿನ ಬೆಂಕಿಯ ಮುಂದೆ ಅವಳ ಕಣ್ಣುರೆಪ್ಪೆ ಊದಿಕೊಂಡಿತ್ತು. ಬೊಮ್ಮಜ್ಜಿ ಬೇರೆ ಯಾರನ್ನೂ ಕೇಳಲಿಲ್ಲ. "ಇವತ್ತು ನೀನೇಳವ್ವ" ಎಂದಳು.

ರಿನಿ ಸಂಗಾನ ಮುಖ ನೋಡಿದಳು. "ಒಳ್ಳೆಯ ಕನಸಲ್ಲ ಆಂಟಿ" ಎಂದು ನನಗೆ ಮೆಲ್ಲಗೆ ಹೇಳಿದಳು. ಆಮೇಲೆ ನೆಲ ನೋಡುತ್ತ ಹೇಳತೊಡಗಿದಳು. ನಾನು ಒಂದೊಂದೇ ಮಾತನ್ನು ಕನ್ನಡಕ್ಕೆ ತರುತ್ತ ಹೋದೆ.

ಕನಸಿನಲ್ಲಿ ಅವಳು ನಮ್ಮ ಮನೆಯಲ್ಲೇ ಇದ್ದಳಂತೆ, ತೀರ ಚಿಕ್ಕವಳಾಗಿ. ದೂರದ ಬೆಟ್ಟದಿಂದ ಅಮ್ಮ ಕೂಗುತ್ತಿದ್ದಳು. ಅಳು ಉಕ್ಕಿಬಂತು. ಅಳೋಣವೆಂದು ನಡುಮನೆಗೆ ಬಂದರೆ ಅಲ್ಲಿ ಎಲ್ಲರೂ ಹಾಡುತ್ತಿದ್ದರು, ಅವಳನ್ನೂ ಹಾಡು ಎಂದರು. ಅಡುಗೆಮನೆಗೆ ಬಂದರೆ ಅಲ್ಲಿ ಯಾರೋ ಹಾಲು ಕೊಟ್ಟು ನಗು ಎಂದರು. ರೂಮಿನ ಬಾಗಿಲು ತೆಗೆದರೆ ಅಲ್ಲಿ ಜನ ಕೈಕಟ್ಟಿ ಪ್ರಾರ್ಥನೆ ಮಾಡುತ್ತಿದ್ದರು. ಬಾಗಿಲ ಮೇಲೆ ಬಾಗಿಲು ತೆಗೆದರೂ ಅಳಲು ಒಂದು ಮೂಲೆ ಸಿಗಲಿಲ್ಲ.

ನನ್ನ ಮನೆಯಲ್ಲಿ ಒಂದು ಹೆಣ್ಣುಮಗು ಬಾಗಿಲಿಂದ ಬಾಗಿಲಿಗೆ ಅಳುತ್ತ ತಿರುಗುವ ಕನಸು! ಮುಗಿಯಿತು ಚೆಲುವಿಯ ಓದು ಎಂದುಕೊಂಡೆ. ಎದುರಿಗೆ ಚೆಲುವಿ ಕೂತಿದ್ದಳು. ನಾನೇ ಕಲಿಸಿದ ಇಂಗ್ಲಿಷು, ರಿನಿಯ ಮಾತು ಅವಳಿಗೆ ಅಷ್ಟಿಷ್ಟು ತಿಳಿಯುತ್ತಿತ್ತು. ಬಣ್ಣ ಹಚ್ಚಿ ಹೇಳುವ ದಾರಿಯೂ ನನಗಿರಲಿಲ್ಲ.

ಕನಸಿನ ಕೊನೆಗೆ ರಿನಿ ಹಿತ್ತಿಲಿಗೆ ಬಂದು ಬಾಳೆಗಿಡದ ಪಕ್ಕದ ಒಗೆಯುವ ಕಲ್ಲಿನ ಮೇಲೆ ಕೂತು ಅಳತೊಡಗಿದಳು. ಆಗ ಆಂಟಿ ಬಂದರು, ಅಂದರೆ ನಾನೇ. ಕೈಯಲ್ಲಿ ಬಟ್ಟೆಯ ಬಕೆಟ್ಟು. ಈಗ ಇವರೂ ಅಳಬೇಡ ಅನ್ನುತ್ತಾರೆ ಎಂದು ಅವಳು ಹೆದರಿದಳು. ಆಂಟಿ ಏನೂ ಅನ್ನಲಿಲ್ಲ. ಕಲ್ಲಿನ ಈ ತುದಿಯಲ್ಲಿ ನಿಂತು ಬಟ್ಟೆ ಒಗೆಯತೊಡಗಿದರು, ದಬ ದಬ ಎಂದು, ಒಳಗಿನವರಿಗೆ ಅಳು ಕೇಳದಷ್ಟು ಜೋರಾಗಿ. ಬಟ್ಟೆ ಮುಗಿಯುವವರೆಗೂ ಅವಳು ಅತ್ತಳು. ಬೆಳಗಾಯಿತು.

ಬೆಂಕಿಯಲ್ಲಿ ಒಂದು ಕಟ್ಟಿಗೆ ಚಟ್ಟೆಂದಿತು. ಬೊಮ್ಮಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಷ್ಟೊತ್ತೂ ಮಿಸ್ಸವ್ವ ಬಾಯೇ ಬುಡ್ನಿಲ್ವಾ?"

ರಿನಿಯನ್ನು ಕೇಳಿ ಹೇಳಿದೆ. "ಇಲ್ವಂತೆ ಅಜ್ಜಿ." ನನ್ನನ್ನು ಬಲ್ಲವರಿಗೆ ಇದು ನಂಬುವ ಮಾತಲ್ಲ. ಬೊಮ್ಮಜ್ಜಿಯೂ ನನ್ನನ್ನು ಬಲ್ಲವಳೇ. ಆದರೆ ಅವಳು ನಗಲಿಲ್ಲ.

"ಇವಳವ್ವನ್ನ ಆಸ್ಟ್ಲಿಗೆ ಆಕಿದ್ದೆ" ಎಂದಳು, ಬೆಂಕಿಯನ್ನು ಕೆದಕುತ್ತ. "ಅಲ್ಲಿ ಅನ್ನ ಇತ್ತು, ಮಂಚ ಇತ್ತು, ಬುಕ್ಕಿತ್ತು. ಅಳಕ್ಕೆ ಜಾಗ ಇರ್ನಿಲ್ಲ. ಅತ್ರೆ ಎಲ್ರೂ ಸುತ್ಕಂಡು ಅಳ್ಬ್ಯಾಡ ಅಳ್ಬ್ಯಾಡ ಅಂತಿದ್ರಂತೆ. ಅದ್ಕೇ ಆನೆ ದಾರೀಲಿ ನಡ್ಕಂಡು ಬಂದ್ಲು, ಇಲ್ಲೇ ಈ ಬೆಂಕಿ ತಾವ ಕೂತ್ಕಂಡು ಅಳಕ್ಕೆ. ದೊಡ್ಡೋಳಾದ್ಮ್ಯಾಕೆ ಏಳುದ್ಲು ನಂಗೆ." ಆಮೇಲೆ ರಿನಿಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಮಗ ಊರು ಬುಟ್ರೆ ಅಳ್ತದೆ. ಅಳೋದು ಕೆಟ್ಟದ್ದಲ್ಲ. ಆ ಮನೇಲಿ ಜಾಗ ಐತೆ. ಕರ್ಕಂಡೋಗು ಮಿಸ್ಸವ್ವ."

ಚೆಲುವಿ ಅಲ್ಲೇ ಕೂತಿದ್ದವಳು ಮಂಡಿಯ ನಡುವೆ ಮುಖ ಹುದುಗಿಸಿಕೊಂಡಳು. ರಿನಿಗೆ ಏನಾಯಿತೆಂದು ತಿಳಿಸುವುದೇ ನನಗೆ ಮರೆತುಹೋಯಿತು. ಅವಳು ಗಾಬರಿಯಿಂದ ನನ್ನ ಸೆರಗು ಎಳೆದಾಗಲೇ ಹೇಳಿದ್ದು.

ತಂಡ ಹೊರಡುವ ದಿನ ಸಂಗಾ ಸೊಳ್ಳೆಪರದೆ ಮಡಿಸುತ್ತ, "ಎಷ್ಟೋ ಕಡೆ ಹೋಗಿ ಮಾತಾಡಿದ್ದೇನೆ ಸಿಸ್ಟರ್, ನಿನಗೇನು ಕನಸು ಬಿತ್ತು ಎಂದು ಕೇಳಿದವರು ಆ ಅಜ್ಜಿಯೇ ಮೊದಲು, ಅದೇ ನನಗೆ ಬೀಳಲಿಲ್ಲ ನೋಡಿ" ಎಂದು ಪೆಚ್ಚಾಗಿ ನಕ್ಕ. ಅವರು ಹೋದ ಮೇಲೆ ನಮ್ಮ ನಡುಮನೆ ಎರಡರಷ್ಟು ದೊಡ್ಡದಾಗಿ ಕಂಡಿತು.

ಚೆಲುವಿ ಬಂದಳು. ಅಡ್ಮಿಷನ್ ಆಯಿತು. ಬೆಳಿಗ್ಗೆ ಎರಡು ಜಡೆ ಹಾಕಿಕೊಂಡು ಕಾಲೇಜಿಗೆ ಹೋಗಿ, ಸಂಜೆ ಬಂದು ಯಜಮಾನರ ಗೊರಕೆಯ ಅಣಕ ಮಾಡಿ ನಗಿಸುತ್ತಿದ್ದಳು. ಕಷ್ಟವೆನ್ನಲಿಲ್ಲ, ಬೇಸರವೆನ್ನಲಿಲ್ಲ. ನನಗೆ ಅದೇ ಒಂದು ಕೊರಗಾಯಿತು. ಈ ಹುಡುಗಿ ಅಳುವುದೇ ಇಲ್ಲವಲ್ಲ, ಎಲ್ಲಿ ಅದುಮಿಟ್ಟುಕೊಂಡಿದ್ದಾಳೋ, ಒಂದು ದಿನ ಎದ್ದು ಹುಲ್ಲಹಳ್ಳಿಯ ರಸ್ತೆ ಹಿಡಿದು ನಡೆದುಬಿಟ್ಟರೆ? ಮಗು ಅಳಲಿ ಎಂದು ಕಾಯುವುದು ಎಂಥ ವಿಚಿತ್ರ ಸ್ಥಿತಿ ಎಂದು ಆಗ ತಿಳಿಯಿತು.

ಒಂದು ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ, ಚೆಲುವಿ ಹಿತ್ತಿಲಿನ ಕಲ್ಲಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಾಳೆ. ಹೆಗಲು ಕುಲುಕುತ್ತಿದೆ. ನನ್ನ ನಾಲಿಗೆಯ ತುದಿಗೆ ಮಾತುಗಳು ಸಾಲುಗಟ್ಟಿ ಬಂದು ನಿಂತವು. ಯಾಕಮ್ಮಾ, ಏನಾಯ್ತು, ಯಾರಾದ್ರೂ ಏನಾದ್ರೂ ಅಂದ್ರಾ, ತಲೆನೋವಾ, ಅಳಬೇಡ ಪುಟ್ಟಾ. ಒಂದೊಂದನ್ನೂ ನುಂಗಿದೆ. ನುಂಗುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಬಕೆಟ್ಟು ತೆಗೆದುಕೊಂಡೆ. ಒಗೆಯಲು ಮನೆಯಲ್ಲಿ ಒಂದು ಕೊಳೆ ಬಟ್ಟೆಯೂ ಇರಲಿಲ್ಲ, ಎಲ್ಲವೂ ವಾಷಿಂಗ್ ಮಿಷನ್ನಿನಲ್ಲಿ ತಿರುಗುತ್ತಿತ್ತು. ಬೀರು ತೆಗೆದು, ಮಡಿಸಿಟ್ಟ ನನ್ನದೊಂದು ಸೀರೆಯನ್ನು ನೀರಿಗದ್ದಿಕೊಂಡು ಹೋದೆ. ಅವಳು ತಿರುಗಿ ನೋಡಲಿಲ್ಲ. ಸ್ವಲ್ಪ ಸರಿದು ಜಾಗ ಬಿಟ್ಟಳು, ಅಷ್ಟೆ.

ಒಗೆದೆ. ದಬ ದಬ ಎಂದು ಒಗೆದೆ. ಒಳಗಿನಿಂದ ಯಜಮಾನರು "ಏನೇ ಅದು, ಮಿಷನ್ನು ಕೆಟ್ಟೋಯ್ತಾ?" ಎಂದು ಕೂಗಿದರು. ನಾನು ಇನ್ನೂ ಜೋರಾಗಿ ಬಡಿದೆ. ಪಕ್ಕದಲ್ಲಿ ಅವಳು ಬಿಕ್ಕುವುದು ಪೆಟ್ಟು ಪೆಟ್ಟಿನ ನಡುವೆ ಕೇಳುತ್ತಿತ್ತು. ರಟ್ಟೆ ಸೋತಿತು, ಕಲ್ಲಿನಿಂದ ಇಳಿಯುವ ನೀರು ತಿಳಿಯಾಗಿಯೇ ಇತ್ತು. ಸೀರೆ ಇನ್ನೇನು ಹರಿದೀತು ಎನ್ನಿಸಿ ಹಿಂಡತೊಡಗಿದೆ.

ಚೆಲುವಿ ವೇಲಿನ ತುದಿಯಿಂದ ಮೂಗೊರೆಸಿಕೊಂಡು, ಗೋಡೆಯ ಕಡೆಗೇ ಮುಖ ಮಾಡಿ ಹೇಳಿದಳು.

"ಮಿಸ್ಸು, ಇನ್ನೊಂದಿದ್ರೆ ತಕ್ಕೊಂಬನ್ನಿ."

ನಾನು ಒಳಗೆ ಹೋಗಿ, ನಮ್ಮವರು ಭಾನುವಾರಕ್ಕೆಂದು ಇಸ್ತ್ರಿ ಮಾಡಿಸಿ ಇಟ್ಟುಕೊಂಡಿದ್ದ ಬಿಳಿ ಅಂಗಿ ತಂದೆ.